ಅಡಿಕೆ ಮನೆಯ ಲೆಕ್ಕ: ಉಳಿತಾಯ ಯಾವುದು, ಹೂಡಿಕೆ ಯಾವುದು

ತೀರ್ಥಹಳ್ಳಿ, ಸಾಗರದ ಕಡೆ ಅಡಿಕೆ ದುಡ್ಡಲ್ಲಿ ಎಫ್‌ಡಿ ಇಟ್ಟರೂ, ಷೇರು ಕೊಂಡರೂ, ಪಕ್ಕದ ತೋಟ ಖರೀದಿಸಿದರೂ ‘ಹೂಡಿಕೆ ಮಾಡಿದೆ’ ಅನ್ನುವುದು ವಾಡಿಕೆ. ಅರ್ಥಶಾಸ್ತ್ರ ಈ ಮೂರರಲ್ಲಿ ಯಾವುದನ್ನೂ ಹೂಡಿಕೆ ಅನ್ನುವುದಿಲ್ಲ. ಹೊಸ ಆಸ್ತಿ ಹುಟ್ಟಿದರೆ ಅಥವಾ ದಾಸ್ತಾನು ಹೆಚ್ಚಿದರೆ ಮಾತ್ರ ಅದು ಹೂಡಿಕೆ. ತೋಟ ಕೈ ಬದಲಾಯಿಸಿತೇ ಹೊರತು ಊರಿಗೆ ಹೊಸದಾಗಿ ಒಂದು ಮರವೂ ಬರಲಿಲ್ಲ.

ಮನೆಯ ಒಂದು ವರ್ಷದ ಲೆಕ್ಕ ಬರೆಯಿರಿ. ಏಪ್ರಿಲ್‌ನಿಂದ ಮಾರ್ಚ್ ಹಿಡಿದರೆ ಅನುಕೂಲ. ಅಷ್ಟರಲ್ಲಿ ಕೊಯ್ಲು, ಸುಲಿತ, ಒಣಗಿಸುವುದು ಮುಗಿದಿರುತ್ತದೆ. ಮಾರಿದ ಅಡಿಕೆ 5,20,000 ರೂಪಾಯಿ ಎನ್ನಿ. ಮಾರದೆ ಉಳಿಸಿಕೊಂಡ 2 ಕ್ವಿಂಟಲ್, ಕ್ವಿಂಟಲಿಗೆ 40,000ದಂತೆ 80,000. ಇದನ್ನು ಬಿಡುವವರೇ ಹೆಚ್ಚು, ಲೆಕ್ಕ ತಪ್ಪುವುದೂ ಇಲ್ಲೇ. ಒಟ್ಟು 6,00,000. ಗೊಬ್ಬರ, ಕೊನೆಗಾರರ (ಮರ ಹತ್ತಿ ಗೊನೆ ಇಳಿಸುವವರ) ಕೂಲಿ, ಕೊಳೆರೋಗಕ್ಕೆ ಹೊಡೆಸಿದ ಬೋರ್ಡೋ ದ್ರಾವಣ ಸೇರಿ 1,80,000 ಕಳೆದರೆ ಆದಾಯ 4,20,000. ಊಟ, ಬಟ್ಟೆ, ಮಕ್ಕಳ ಫೀಸು, ಔಷಧಿಗೆ 3,00,000. ಮಿಕ್ಕ 1,20,000 ಉಳಿತಾಯ.

ಈಗ ಹೂಡಿಕೆ. ಬಸಿಗಾಲುವೆ ತೋಡಿಸಿ ಹೊಸ ಸಸಿ ನೆಟ್ಟಿದ್ದಕ್ಕೆ 70,000, ದಾಸ್ತಾನಿನ ಅಡಿಕೆ 80,000, ಒಟ್ಟು 1,50,000. ಉಳಿತಾಯಕ್ಕಿಂತ 30,000 ಹೆಚ್ಚಾಯಿತಲ್ಲ? ಕೈಯಲ್ಲಿದ್ದ ನಗದು 40,000 ಮಾತ್ರ. ನಾಟಿಗೆ ಕಡಿಮೆ ಬಿದ್ದ 30,000 ಸೊಸೈಟಿ ಸಾಲ. ಉಳಿತಾಯ, ಸಾಲ ಎರಡೂ ಸೇರಿ ಹೂಡಿಕೆಗೆ ತಾಳೆಯಾಗದಿದ್ದರೆ ಎಲ್ಲೋ ಒಂದು ಬಾಬ್ತು ಬಿಟ್ಟುಹೋಗಿದೆ ಎಂದೇ ಅರ್ಥ. ಯಂತ್ರ, ಪಂಪ್‌ಸೆಟ್‌ಗಳ ಸವಕಳಿ (ಬಳಸುತ್ತ ಸವೆದು ಕಡಿಮೆಯಾದ ಬೆಲೆ) 15,000 ಇದ್ದರೆ ಅದನ್ನು ಎರಡೂ ಕಡೆ ಕಳೆಯಿರಿ: ನಿವ್ವಳ ಉಳಿತಾಯ 1,05,000, ನಿವ್ವಳ ಹೂಡಿಕೆ 1,35,000.

ಎಡವುವುದು ಸಸಿಯ ಲೆಕ್ಕದಲ್ಲಿ. 9 ಅಡಿಗೊಂದರಂತೆ ನೆಟ್ಟರೆ ಎಕರೆಗೆ ಸುಮಾರು 540 ಸಸಿ. ಅವು ಫಸಲಿಗೆ ಬರುವ ತನಕ ಹಾಕಿದ ಗೊಬ್ಬರ, ಮಾಡಿದ ಆರೈಕೆ ಎಲ್ಲವೂ ಹೂಡಿಕೆ. ಮನೆಯವರೇ ದುಡಿದಿದ್ದರೆ ಆ ಕೂಲಿಯನ್ನೂ ಸೇರಿಸಬೇಕು. ಫಸಲು ಶುರುವಾದ ಮೇಲೆ ಅದೇ ಬುಡಕ್ಕೆ ಹಾಕುವ ಅದೇ ಗೊಬ್ಬರ ಬರೀ ಖರ್ಚು.

ದಾಸ್ತಾನಿಟ್ಟ ಅಡಿಕೆಗೆ ಕ್ವಿಂಟಲಿಗೆ 5,000 ಧಾರಣೆ ಏರಿತು ಅನ್ನಿ. ಆ 10,000 ಆದಾಯವಲ್ಲ, ಉಳಿತಾಯವಲ್ಲ, ಹೂಡಿಕೆಯೂ ಅಲ್ಲ. ಇದ್ದ ಸರಕಿನ ಬೆಲೆ ಏರಿದೆ, ಅಷ್ಟೆ. ಸಾಲದ ಅಸಲು ತೀರಿಸಿದ್ದು ಮಾತ್ರ ಉಳಿತಾಯವೇ. ಬಡ್ಡಿಯನ್ನು ಆದಾಯದಿಂದ ಕಳೆಯಬೇಕು. ಚಿನ್ನವನ್ನು ದೇಶದ ಲೆಕ್ಕದಲ್ಲಿ ‘ಬೆಲೆಬಾಳುವ ವಸ್ತುಗಳು’ ಎಂದು ಬೇರೆಯಾಗಿಯೇ ತೋರಿಸುತ್ತಾರೆ.

ಇನ್ನು ಎಫ್‌ಡಿ. ಆ ಹಣ ಸಾಲವಾಗಿ ಹೋಗಿ ಇನ್ನೊಬ್ಬರು ಅಡಿಕೆ ಒಣಗಿಸುವ ಡ್ರೈಯರ್ ಕಟ್ಟಿಸಿದರೆ ಉಳಿತಾಯ ನಿಮ್ಮದು, ಹೂಡಿಕೆ ಅವರದು. ಅದೇ ಸಾಲ ಮದುವೆ ಊಟಕ್ಕೆ ಹೋದರೆ, ನೀವು ಉಳಿಸಿದ್ದನ್ನು ಅವರು ಬಳಸಿದಂತಾಯಿತು. ಎರಡೂ ಮನೆ ಸೇರಿಸಿ ನೋಡಿದರೆ ಉಳಿತಾಯವೂ ಇಲ್ಲ, ಹೂಡಿಕೆಯೂ ಇಲ್ಲ.