ಬ್ರೈಟನ್ನಿನಲ್ಲಿ ಶಾಲೆ ಬಿಟ್ಟ ಮೇಲೆ ಮಕ್ಕಳಿಗೆ ಸ್ಟಾರ್ಲಿಂಗ್ ಹಿಂಡು ತೋರಿಸುವುದು ಹೇಗೆ

ಅಕ್ಟೋಬರ್ ಕೊನೆಯ ಭಾನುವಾರ ಇಂಗ್ಲೆಂಡಿನ ಈ ಕಡಲತೀರದ ಊರಿನಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ನವೆಂಬರ್ ಎರಡನೇ ವಾರಕ್ಕೆ ಸಂಜೆ 4.20ರ ಸುಮಾರಿಗೇ ಸೂರ್ಯಾಸ್ತ. ಸ್ಟಾರ್ಲಿಂಗ್, ಅಂದರೆ ಮೈನಾ ಜಾತಿಯ ಸಣ್ಣ ಕಪ್ಪು ಹಕ್ಕಿಗಳು, ಹಿಂಡುಗಟ್ಟಿ ಹಾರುವುದೂ ಆ ಹೊತ್ತಿಗೇ. ಆದ್ದರಿಂದ ಶಾಲೆ ಬಿಟ್ಟ ಕೂಡಲೇ ಮನೆಗೆ ಹೋಗಬೇಡಿ. ಒಮ್ಮೆ ಹೀಟರ್ ಪಕ್ಕ ಕೂತ ಮಕ್ಕಳು ಮತ್ತೆ ಹೊರಡುವುದಿಲ್ಲ. ಗೇಟಿನಿಂದ ನೇರ ಪ್ಯಾಲೇಸ್ ಪಿಯರ್ (ಕಂಬಗಳ ಮೇಲೆ ಕಡಲಿನೊಳಕ್ಕೆ ಚಾಚಿದ ಕಟ್ಟೆ) ಕಡೆ ನಡೆಯಿರಿ.

ಛತ್ರಿ ಬೇಡ, ಕಡಲಗಾಳಿಗೆ ನಿಲ್ಲದು. ಕಿವಿ ಮುಚ್ಚುವ ಟೋಪಿ, ಫ್ಲಾಸ್ಕಿನಲ್ಲಿ ಬಿಸಿ ಹಾಲು ಸಾಕು. ತಿನ್ನಲು ನಾನು ಕೋಡುಬಳೆ ಒಯ್ಯುತ್ತೇನೆ. ತಿನ್ನುವಾಗ ಗೋಡೆಗೆ ಬೆನ್ನು ಕೊಟ್ಟು ನಿಲ್ಲಲಿ, ಕಡಲಹಕ್ಕಿಗಳು ಹಿಂದಿನಿಂದ ಬಂದು ಕೈಯಲ್ಲಿದ್ದದ್ದನ್ನೇ ಕಿತ್ತುಕೊಳ್ಳುತ್ತವೆ.

ಮೋಡ, ಗಾಳಿ ಕಡಿಮೆಯಿರುವ ದಿನ ನೋಡಿ ಹೋಗಿ. ಪಿಯರ್‌ನ ಪೂರ್ವ ಬದಿಯಲ್ಲಿ ಪಶ್ಚಿಮಕ್ಕೆ ಮುಖ ಮಾಡಿ ನಿಂತರೆ ಕೆಂಪು ಆಕಾಶದ ಮೇಲೆ ಹಕ್ಕಿಗಳು ಕಪ್ಪಗೆ ಎದ್ದು ಕಾಣುತ್ತವೆ. ಮೊದಲು ಸಣ್ಣ ಗುಂಪುಗಳು ಬರುತ್ತವೆ, ಅವಸರ ಬೇಡ. ಎಲ್ಲ ಸೇರಿದ ಮೇಲೆ ಹಿಂಡು ಹೊಗೆಯಂತೆ ಹಿಗ್ಗುತ್ತದೆ, ಮಡಚಿಕೊಳ್ಳುತ್ತದೆ, ತಿರುಗುವಾಗೊಮ್ಮೆ ಗಾಢವಾಗುತ್ತದೆ. ಆಮೇಲೆ ಒಮ್ಮೆಲೇ ಪಿಯರ್ ಕೆಳಗಿನ ಕಬ್ಬಿಣದ ತೊಲೆಗಳಿಗೆ ಇಳಿಯುತ್ತವೆ. ಆಗ ಹತ್ತಿರ ಹೋಗಿ ಕೇಳಿಸಿಕೊಳ್ಳಿ. ಸಾವಿರಾರು ಹಕ್ಕಿಗಳ ಕಿಚಿಕಿಚಿ ಮಕ್ಕಳಿಗೆ ಬಲು ಇಷ್ಟ.

ದೊಡ್ಡ ಮಕ್ಕಳಿಗೆ ದೂರದ ವೆಸ್ಟ್ ಪಿಯರ್‌ನ ಅಸ್ಥಿಪಂಜರವನ್ನೂ ತೋರಿಸಿ. 1866ರಲ್ಲಿ ತೆರೆದು 1975ರಲ್ಲಿ ಮುಚ್ಚಿದ ಅದು 2003ರಲ್ಲಿ ಬೆಂಕಿಗೆ ಸಿಕ್ಕಿತು. ಒಂದು ಕಾಲಕ್ಕೆ ಈ ಹಕ್ಕಿಗಳು ಅಲ್ಲೂ ರಾತ್ರಿ ತಂಗುತ್ತಿದ್ದವು.

ಕತ್ತಲಲ್ಲಿ ಅಲೆಯ ಅಂಚಿಗೆ ಬಿಡಬೇಡಿ. ದಂಡೆಯೆಲ್ಲ ಉರುಟು ಕಲ್ಲು, ಕಾಲಡಿ ಜಾರುತ್ತದೆ. ಚಿಕ್ಕವರ ಕೈ ಹಿಡಿದೇ ರಸ್ತೆಗೆ ಹತ್ತಿ.