ಮೊದಲ ಏರ್ ಪಿಸ್ತೂಲು ಕೊಳ್ಳುವವರಿಗೆ ಒಬ್ಬ ಸ್ಪ್ರೇಯರ್ ರಿಪೇರಿಯವನ ಮಾತು

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್‌ಗೆ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಕಂಚು ಬಂದದ್ದೇ ಬಂದದ್ದು, ತೀರ್ಥಹಳ್ಳಿಯ ನನ್ನ ಅಂಗಡಿಗೆ ಸ್ಪ್ರೇಯರ್ ರಿಪೇರಿಗೆ ಬಂದವರೂ ಪಿಸ್ತೂಲಿನ ವಿಚಾರ ಎತ್ತತೊಡಗಿದರು. ನಾನು ಭಾನುವಾರ ಶಿವಮೊಗ್ಗಕ್ಕೆ ಹೋಗಿ ಗುರಿ ಹೊಡೆಯುವವ ಅಂತ ಊರಿಗೆಲ್ಲ ಗೊತ್ತು. "ಯಾವ ಕಂಪನಿದು ತಗೊಳ್ಳೋದು ಮಾರಾಯ್ರೆ?" ಅಂತಲೇ ಎಲ್ಲರೂ ಶುರು ಮಾಡುತ್ತಾರೆ. ಕಂಪನಿ ಆಮೇಲೆ. ಹಿಡಿ ನಿಮ್ಮ ಕೈಗೆ ಕೂರುತ್ತದಾ, ಅದಕ್ಕೆ ಗಾಳಿ ಎಲ್ಲಿಂದ ತರುತ್ತೀರಿ, ಇವೆರಡು ಇತ್ಯರ್ಥವಾದರೆ ಮುಕ್ಕಾಲು ಪಾಲು ಆಯ್ಕೆ ಮುಗಿದ ಹಾಗೆ.

ಲೈಸೆನ್ಸಿನ ಭಯ ಮೊದಲು ಕಳೆಯೋಣ. ನಮ್ಮ ಕಡೆ ಕೋವಿ ಅಂದರೆ ಹಂದಿ, ಮಂಗನ ಕಾಟಕ್ಕೆ ತೋಟದ ಮನೆಯಲ್ಲಿ ಇಟ್ಟುಕೊಳ್ಳುವುದು, ಎಲೆಕ್ಷನ್ ಬಂತೆಂದರೆ ಸ್ಟೇಷನ್ನಿಗೆ ಒಯ್ದು ಠೇವಣಿ ಇಡುವುದು. 4.5 ಮಿಲಿಮೀಟರ್, ಅಂದರೆ .177 ಇಂಚು ಬೋರಿನ (ನಳಿಗೆಯ ತೂತಿನ ಅಳತೆ), 20 ಜೂಲ್‌ಗಿಂತ ಕಡಿಮೆ ಶಕ್ತಿಯ ಏರ್ ಪಿಸ್ತೂಲಿಗೆ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಆ ಲೈಸೆನ್ಸ್ ಬೇಡ. ಮ್ಯಾಚ್ ಪಿಸ್ತೂಲಿನ ಗುಂಡು ಸೆಕೆಂಡಿಗೆ ಸುಮಾರು 150 ಮೀಟರ್ ವೇಗದಲ್ಲಿ ಹೋಗುತ್ತದೆ, ಶಕ್ತಿ ಐದಾರು ಜೂಲ್ ಅಷ್ಟೇ. ಆದ್ದರಿಂದ ಅಂಗಡಿಯವ "ಇದು ಭಾರೀ ಪವರ್ ಸಾರ್" ಎಂದರೆ ಆ ಮಾತನ್ನು ಅಲ್ಲೇ ಬಿಡಿ. ರೇಂಜಿನಲ್ಲಿ ಪವರಿಗೆ ಕೆಲಸವಿಲ್ಲ. ಹತ್ತು ಮೀಟರ್ ಆಚೆ ಇರುವ ಕಾರ್ಡಿನಲ್ಲಿ ಹತ್ತು ಅಂಕದ ವೃತ್ತದ ಅಡ್ಡಳತೆ 11.5 ಮಿಲಿಮೀಟರ್, ಒಂದೇ ಕೈಯಲ್ಲಿ ಹಿಡಿದು ಅದಕ್ಕೆ ಹೊಡೆಯಬೇಕು. .22 ಪಿಸ್ತೂಲಿಗೆ ಲೈಸೆನ್ಸ್ ಬೇಕೇ ಬೇಕು, ಅದು ಮುಂದಿನ ಮಾತು.

ಸಿನಿಮಾ ಪೊಲೀಸರ ಪಿಸ್ತೂಲಿನಂತೆ ಕಾಣುವ, ಸಣ್ಣ ಗ್ಯಾಸ್ ಗುಳಿಗೆ ಹಾಕಿ ಉಕ್ಕಿನ ಗೋಲಿ ಹೊಡೆಯುವವು ಬರುತ್ತವಲ್ಲ, ಅವನ್ನು ಮುಟ್ಟಬೇಡಿ. ಗುರಿ ನೋಡುವ ಸೈಟ್ ತಿರುಗಿಸಲಾಗದು, ಗೋಲಿ ಗಟ್ಟಿ ವಸ್ತುವಿಗೆ ತಾಗಿ ಹಿಂದಕ್ಕೆ ಹಾರುತ್ತದೆ, ಬಸ್ಸಿನಲ್ಲಿ ಚೀಲದಿಂದ ಇಣುಕಿದರೆ ಬೇರೆಯೇ ರಾಮಾಯಣ.

ಇನ್ನು ಹಿಡಿ. ಕತ್ತಿಯ ಹಿಡಿ ಹೇಗೆ ಒಬ್ಬರದು ಇನ್ನೊಬ್ಬರ ಕೈಗೆ ಒಗ್ಗುವುದಿಲ್ಲವೋ ಇದೂ ಹಾಗೆಯೇ. ಮ್ಯಾಚ್ ಪಿಸ್ತೂಲಿನ ಮರದ ಹಿಡಿ ಸಣ್ಣ, ಮಧ್ಯಮ, ದೊಡ್ಡ ಅಳತೆಗಳಲ್ಲಿ, ಎಡಗೈ ಬಲಗೈ ಬೇರೆ ಬೇರೆಯಾಗಿ ಬರುತ್ತದೆ. ಅಂಗೈ ಕೆಳಗೆ ಕೂರುವ ಹಲಗೆಯನ್ನು ಸ್ಕ್ರೂ ಸಡಿಲಿಸಿ ಮೇಲೆ ಕೆಳಗೆ ಮಾಡಬಹುದು. ನನ್ನ ಅಕ್ಕನ ಮಗಳಿಗೆ ಪಿಸ್ತೂಲು ನೋಡಲು ಹೋದಾಗ ಮಾಡಿದ ಪರೀಕ್ಷೆಯನ್ನೇ ಹೇಳುತ್ತೇನೆ. ಖಾಲಿ ಪಿಸ್ತೂಲು ಕೈಗೆ ಕೊಟ್ಟು, ಬಿಳಿ ಗೋಡೆಯ ಮುಂದೆ ನಿಲ್ಲಿಸಿ, ಕಣ್ಣು ಮುಚ್ಚಿಸಿ ತೋಳು ಎತ್ತಿಸಿದೆ. ಎರಡು ಉಸಿರು ಬಿಟ್ಟ ಮೇಲೆ ಕಣ್ಣು ತೆರೆ ಅಂದೆ. "ಮಾವ, ಮುಂದಿನ ಕಡ್ಡಿ ಎಡಕ್ಕೆ ಹೋಗಿ ಕೂತಿದೆ" ಅಂದಳು. ಮತ್ತೆ ಮಾಡಿಸಿದರೂ ಎಡಕ್ಕೇ. ಮಣಿಕಟ್ಟು ತಿರುಗಿಸಿ ಸರಿ ಮಾಡಲು ಹೊರಟವಳನ್ನು ತಡೆದೆ. ಕೈ ಸಹಜವಾಗಿ ನಿಂತಾಗ ಹಿಂದಿನ ಸೈಟಿನ ಸಂದಿಯ ನಡುವೆ ಮುಂದಿನ ಸೈಟಿನ ಕಡ್ಡಿ ತಾನಾಗಿ ಬಂದು ನಿಲ್ಲಬೇಕು. ಬಲವಂತದಿಂದ ನಿಲ್ಲಿಸಿದರೆ ಇಪ್ಪತ್ತು ಗುಂಡಿನ ನಂತರ ಕೈ ಸೋತು ತನ್ನ ದಾರಿ ಹಿಡಿಯುತ್ತದೆ. ಒಂದು ಅಳತೆ ಸಣ್ಣ ಹಿಡಿ ಹಾಕಿಸಿ ನೋಡಿದೆವು, ಕಡ್ಡಿ ನಡುವಿಗೆ ಬಂತು.

ಅಲ್ಪಸ್ವಲ್ಪ ವ್ಯತ್ಯಾಸವಿದ್ದರೆ ಊರಿನ ಆಚಾರ್ರ ಹತ್ತಿರ ಅರದಲ್ಲಿ ಉಜ್ಜಿಸಬಹುದು. ಹೆಚ್ಚು ಉಜ್ಜಿ ಹೋದ ಕಡೆ ಎಪಾಕ್ಸಿ ತುಂಬಬಹುದು. ಆದರೆ ಹಿಡಿ ಮಣಿಕಟ್ಟನ್ನು ಸುತ್ತಿ ಹಿಡಿಯುವಂತೆ ಬೆಳೆಸಬೇಡಿ, ಸ್ಪರ್ಧೆಯ ತಪಾಸಣೆಯಲ್ಲಿ ಆ ಪಿಸ್ತೂಲು ಹೊರಗೆ ಹೋಗುತ್ತದೆ.

ಟ್ರಿಗರ್ ವಿಷಯದಲ್ಲಿ ನಿಯಮ ಒಂದೇ: ಕನಿಷ್ಠ 500 ಗ್ರಾಂ ಭಾರಕ್ಕೆ ತಡೆಯಬೇಕು. ಅಂಗಡಿಗೆ ಹೋಗುವಾಗ ನಾನು ಅರ್ಧ ಕೆಜಿ ತೂಕದ ಕಲ್ಲನ್ನು ಬೈಂಡಿಂಗ್ ತಂತಿಯ ಕೊಕ್ಕೆಗೆ ಕಟ್ಟಿಕೊಂಡು ಹೋಗುತ್ತೇನೆ, ನಗುವವರು ನಗಲಿ. ಗುಂಡು ಹಾಕದೆ ಕಾಕ್ ಮಾಡಿ (ಹೊಡೆಯಲು ಸಜ್ಜು ಮಾಡಿ), ನಳಿಗೆ ನೆಟ್ಟಗೆ ಮೇಲಕ್ಕಿಟ್ಟು, ಟ್ರಿಗರಿಗೆ ಕೊಕ್ಕೆ ಸಿಕ್ಕಿಸಿ ಕಲ್ಲನ್ನು ಮೇಜಿನಿಂದ ನಿಧಾನ ಎತ್ತಬೇಕು. ಕಲ್ಲು ಎದ್ದಿತು, ಪಿಸ್ತೂಲು ಸಿಡಿಯಲಿಲ್ಲ ಎಂದರೆ ಪಾಸು. ಹೊಸಬರಿಗೆ 500ಕ್ಕಿಂತ ಸ್ವಲ್ಪ ಹೆಚ್ಚೇ ಇಟ್ಟರೆ ಒಳ್ಳೆಯದು. ಭಾರಕ್ಕಿಂತ ಮುಖ್ಯ ಎಳೆತ. ಮೊದಲ ಹಂತ ಸಲೀಸಾಗಿ ಹಿಂದೆ ಬಂದು, ಒಂದು ಕಡೆ ಗೋಡೆಗೆ ತಾಗಿದಂತೆ ನಿಂತು, ಅಲ್ಲಿಂದ ಜಾರದೆ ಟಕ್ಕನೆ ಬಿಡಬೇಕು. ಗೀರು ಗೀರು ಎಳೆಯುವ ಟ್ರಿಗರಿನಲ್ಲಿ ಅಭ್ಯಾಸ ಮಾಡಿದರೆ ಬೆರಳು ಕೆಟ್ಟ ಚಾಳಿ ಕಲಿಯುತ್ತದೆ, ಆ ಚಾಳಿ ಬಿಡಿಸಲು ಕೋಚ್‌ಗೆ ಸಾಕುಸಾಕಾಗುತ್ತದೆ.

ಈಗ ಗಾಳಿ. ನನಗೆ ಗೊತ್ತಿರುವ ಕಸುಬು ಇದೇ ಆದ್ದರಿಂದ ಸ್ವಲ್ಪ ಉದ್ದ ಮಾತಾಡುತ್ತೇನೆ.

ಸ್ಪ್ರಿಂಗ್ ಪಿಸ್ತೂಲು ಅಗ್ಗ. ಆದರೆ ಟ್ರಿಗರ್ ಬಿಟ್ಟ ಕೂಡಲೇ ಒಳಗಿನ ಪಿಸ್ಟನ್ ನುಗ್ಗಿ ಇಡೀ ಪಿಸ್ತೂಲು ಹಿಂದೆ ಮುಂದೆ ಕುಲುಕುತ್ತದೆ, ಗುಂಡು ಇನ್ನೂ ನಳಿಗೆಯಲ್ಲೇ ಇರುತ್ತದೆ. ತಪ್ಪು ನಿಮ್ಮದೋ ಪಿಸ್ತೂಲಿನದೋ ತಿಳಿಯದೆ ಕಲಿಯುವುದು ಕಷ್ಟ. ನಾನಾದರೆ ಕೊಳ್ಳುವುದಿಲ್ಲ.

ಲಿವರ್ ಒಮ್ಮೆ ಎಳೆದು ಮಡಚಿದರೆ ಒಂದು ಗುಂಡಿಗೆ ಬೇಕಾದಷ್ಟು ಗಾಳಿ ತುಂಬಿಕೊಳ್ಳುವ ಜಾತಿ ಇನ್ನೊಂದು. ಜರ್ಮನಿಯ ವೈರಾಖ್ ಎಚ್‌ಡಬ್ಲ್ಯು 40, ಎಚ್‌ಡಬ್ಲ್ಯು 75, ರಷ್ಯಾದ ಐಜೆಡ್‌ಎಚ್ 46ಎಂ ಈ ಪೈಕಿ. ಕುಲುಕಾಟವಿಲ್ಲ, ಸಿಲಿಂಡರ್ ತುಂಬಿಸುವ ತಲೆನೋವಿಲ್ಲ. ರಷ್ಯಾದ್ದು ಸೆಕೆಂಡ್ ಹ್ಯಾಂಡ್ ಒಳ್ಳೆಯದು ಸಿಕ್ಕರೆ ಕಣ್ಣು ಮುಚ್ಚಿ ತೆಗೆದುಕೊಳ್ಳಿ ಎನ್ನುವವನು ನಾನು. ಕಷ್ಟವೆಂದರೆ ಮ್ಯಾಚಿನಲ್ಲಿ 60 ಗುಂಡು, ಅಂದರೆ 60 ಸಲ ಲಿವರ್; ಸಣ್ಣ ಮಕ್ಕಳಿಗೆ ರಟ್ಟೆ ನೋಯುತ್ತದೆ. ಹೊಸನಗರ, ಕೊಪ್ಪದ ಕಡೆ ಒಬ್ಬರೇ ಅಭ್ಯಾಸ ಮಾಡುವ ದೊಡ್ಡವರಿಗೆ ಇದಕ್ಕಿಂತ ಸಮಾಧಾನದ್ದು ಇಲ್ಲ.

ಮೂರನೆಯದು ಪಿಸಿಪಿ, ಅಂದರೆ ಮೊದಲೇ ಗಾಳಿ ತುಂಬಿಟ್ಟುಕೊಳ್ಳುವ ಜಾತಿ; ಸಿಲಿಂಡರಿನಲ್ಲಿ ಸುಮಾರು 200 ಬಾರ್ ಒತ್ತಡದ ಗಾಳಿ. ಸ್ಪರ್ಧೆಯಲ್ಲಿ ಕಾಣುವ ಮೊರಿನಿ, ಸ್ಟೈಯರ್, ವಾಲ್ಥರ್, ಪಾರ್ದಿನಿ, ಫೈನ್‌ವೆರ್ಕ್‌ಬೌ ಎಲ್ಲ ಇವೇ. ಹೊಸಬರಿಗೆಂದೇ ಬಂದದ್ದು ಹ್ಯಾಮರ್ಲಿ ಎಪಿ 20. ಹಗುರ, ಕಿರಿಯರ ಕೈಗೆ ಹಿತ. ದೊಡ್ಡ ಹೆಸರಿನವು ಲಕ್ಷ ದಾಟುತ್ತವೆ, ಮೊದಲ ವರ್ಷ ಅದು ಬೇಡ. ಪಂಕ್ಚರ್ ಅಂಗಡಿಯಲ್ಲಿ ತುಂಬಿಸಿಕೊಳ್ಳಬಹುದಾ ಅಂತ ಕೇಳುವವರಿದ್ದಾರೆ. ಕಾರಿನ ಟೈರಿಗೆ ಹಾಕುವುದು ಎರಡು ಬಾರ್ ಚಿಲ್ಲರೆ, ಇಲ್ಲಿ ಬೇಕಾದ್ದು ಅದರ ನೂರು ಪಟ್ಟು. ವೆಲ್ಡಿಂಗ್ ಅಥವಾ ಆಸ್ಪತ್ರೆಯ ಆಕ್ಸಿಜನ್ ಮಾತ್ರ ಎಂದೂ ತುಂಬಬೇಡಿ. ಒಳಗಿನ ಗ್ರೀಸಿಗೆ ಒತ್ತಡದ ಆಕ್ಸಿಜನ್ ಸೇರಿದರೆ ಸಿಡಿಯುತ್ತದೆ, ಕೈ ಹೋಗುತ್ತದೆ. ಕ್ಲಬ್ಬಿನಲ್ಲಿ ದೊಡ್ಡ ಗಾಳಿ ಸಿಲಿಂಡರ್ ಇದೆಯಾ ವಿಚಾರಿಸಿ, ಇಲ್ಲವಾದರೆ ಮೂರು ಹಂತದ ಕೈಪಂಪಿನ ಬೆಲೆಯನ್ನೂ ಲೆಕ್ಕಕ್ಕೆ ಸೇರಿಸಿ.

ಕೈಪಂಪಿಗೆ ನಮ್ಮ ಮಳೆಗಾಲವೇ ಶತ್ರು. ಆಷಾಢದಲ್ಲಿ ಆಗುಂಬೆ ಕಡೆ ಬಟ್ಟೆ ವಾರವಾದರೂ ಒಣಗುವುದಿಲ್ಲ. ಅದೇ ತೇವದ ಗಾಳಿಯನ್ನು ಒತ್ತಿ ತುಂಬಿದರೆ ನೀರು ಸಿಲಿಂಡರಿನೊಳಗೆ ಇಳಿದು ಒತ್ತಡ ಹದದಲ್ಲಿಡುವ ರೆಗ್ಯುಲೇಟರ್ ಹಾಳಾಗುತ್ತದೆ. ಪಂಪಿಗೆ ಸಿಲಿಕಾ ಜೆಲ್ ಫಿಲ್ಟರ್ ಇರಲೇಬೇಕು, ಹರಳಿನ ಬಣ್ಣ ತಿರುಗಿದ ಕೂಡಲೇ ಬದಲಿಸಬೇಕು. ಒಂದೇ ಉಸಿರಿಗೆ ಪಂಪ್ ಮಾಡದೆ ನಡುನಡುವೆ ಬಿಟ್ಟು, ನೀರು ಹೊರಬಿಟ್ಟು ಮಾಡಿ. ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆ, ಅಂದರೆ ಓ-ರಿಂಗಿಗೆ ಸಿಲಿಕೋನ್ ಗ್ರೀಸ್ ಮಾತ್ರ. ಕೋವಿಗೆ ಎಣ್ಣೆ ಹಾಕಿ ರೂಢಿ ಇರುವ ದೊಡ್ಡಪ್ಪಂದಿರ ಕೈಗೆ ಪಿಸ್ತೂಲು ಕೊಡಬೇಡಿ, ನಳಿಗೆಯೊಳಗೆ ಸುರಿದೇ ಬಿಡುತ್ತಾರೆ.

ಸೆಕೆಂಡ್ ಹ್ಯಾಂಡ್ ಪಿಸಿಪಿ ನೋಡುವಾಗ ಮೊದಲು ಸಿಲಿಂಡರಿನ ಮೇಲೆ ಕೆತ್ತಿದ ತಾರೀಖು ಓದಿ. ಸ್ಪರ್ಧೆಯ ನಿಯಮದಲ್ಲಿ ಅದರ ಆಯಸ್ಸು ಗರಿಷ್ಠ ಹತ್ತು ವರ್ಷ. ಹೊಸ ಸಿಲಿಂಡರಿನ ಬೆಲೆ ಕೇಳಿದರೆ ಅಗ್ಗ ಅಂದುಕೊಂಡದ್ದು ಅಗ್ಗವಲ್ಲ ಎಂದು ತಿಳಿಯುತ್ತದೆ. ಸಂಜೆ ತುಂಬಿಸಿ ಒತ್ತಡದ ಮೀಟರಿನ ಮುಳ್ಳು ಎಲ್ಲಿದೆ ಗುರುತು ಮಾಡಿ, ಬೆಳಿಗ್ಗೆ ಮತ್ತೆ ನೋಡಿ. ಇಳಿದಿದ್ದರೆ ಓ-ರಿಂಗ್ ಇರಬಹುದು, ಅದು ಸಣ್ಣ ರಿಪೇರಿ. ನಳಿಗೆಯ ಬಾಯಿಯ ಅಂಚಿನಲ್ಲಿ ಪೆಟ್ಟು ಬಿದ್ದಿದ್ದರೆ ಮಾತ್ರ ವಾಪಸ್ ಕೊಟ್ಟು ಬನ್ನಿ.

ಗುಂಡಿನ ವಿಷಯದಲ್ಲಿ ತಲೆ ಕೆಡಿಸಿಕೊಳ್ಳಬೇಡಿ. ಮೂತಿ ಚಪ್ಪಟೆ ಇರುವ, ಅರ್ಧ ಗ್ರಾಂ ಆಸುಪಾಸಿನ ಸೀಸದ್ದು ಸಾಕು, ಕಾರ್ಡಿನಲ್ಲಿ ದುಂಡಗೆ ತೂತು ಬೀಳುತ್ತದೆ. 4.49, 4.50 ಎಂಬ ತಲೆಯಳತೆಯ ಚರ್ಚೆ ಅಂಕ ಏರಿದ ಮೇಲೆ. ಸೀಸ ಮುಟ್ಟಿದ ಕೈಯಲ್ಲಿ ಅವಲಕ್ಕಿ ತಿನ್ನಬೇಡಿ, ಸೋಪು ಹಾಕಿ ತೊಳೆಯಿರಿ.

ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್‌ನಲ್ಲಿ ಇದೇ ಏರ್ ಪಿಸ್ತೂಲಿನಲ್ಲಿ ಬೆಳ್ಳಿ ತಂದವರು. ಅವರ ಕೈಯಲ್ಲಿದ್ದ ಮಾಡೆಲ್ ಯಾವುದೆಂದು ಹುಡುಕುವ ಹುಡುಗರಿಗೆ ನಾನು ಹೇಳುವುದಿಷ್ಟು: ಮೊದಲ ಕೆಲವು ತಿಂಗಳು ಕ್ಲಬ್ಬಿನ ಪಿಸ್ತೂಲಿನಲ್ಲೇ ಹೊಡೆಯಿರಿ, ಮನೆಯಲ್ಲಿ ಒಂದು ಕೆಜಿ ಭಾರ ಹಿಡಿದು ತೋಳು ನೀಡಿ ನಿಲ್ಲಿ. ಅಷ್ಟರೊಳಗೆ ಆಸೆ ಇಳಿದರೆ ದುಡ್ಡು ಉಳಿಯಿತು.

ಕೊಂಡ ದಿನ ಅಂಗಡಿಯವರು ಗುರುತಿನ ಚೀಟಿ ಕೇಳುತ್ತಾರೆ, ಕೊಡಿ. ಬಿಲ್ಲಿನಲ್ಲಿ ಪಿಸ್ತೂಲಿನ ನಂಬರ್ ಬರೆಸಿಕೊಳ್ಳಿ. ನಳಿಗೆಯಲ್ಲಿ ತೂರಿಸುವ ಕೇಸರಿ ಬಣ್ಣದ ಸುರಕ್ಷತಾ ದಾರವನ್ನು ಅಲ್ಲೇ ಕೇಳಿ ಪಡೆಯಿರಿ, ಪೆಟ್ಟಿಗೆಯಿಂದ ಹೊರತೆಗೆದಾಗಲೆಲ್ಲ ಅದು ಕಾಣುತ್ತಿರಬೇಕು. ಬಿಲ್ಲಿನ ಒಂದು ಜೆರಾಕ್ಸ್ ಪೆಟ್ಟಿಗೆಯ ಸ್ಪಂಜಿನ ಕೆಳಗೇ ಇರಲಿ. ಎಲೆಕ್ಷನ್ ಸಮಯದ ಚೆಕ್‌ಪೋಸ್ಟಿನಲ್ಲಿ ಪೆಟ್ಟಿಗೆ ಬಿಚ್ಚಿಸಿದರೆ 20 ಜೂಲ್ ಅಂತ ವಿವರಿಸುವುದಕ್ಕಿಂತ ಆ ಕಾಗದ ಬೇಗ ಕೆಲಸ ಮಾಡುತ್ತದೆ.