ಬಾಸ್ ಮೀನಿಗೆ ದೊಡ್ಡ ತೇಲು ಲ್ಯೂರ್: ಬಳಸುವ, ತಿದ್ದಿಕೊಳ್ಳುವ ಕ್ರಮ

ಬೇಟೆಯಾಡಿ ತಿನ್ನುವ ಸಿಹಿನೀರಿನ ಮೀನಾದ ಲಾರ್ಜ್‌ಮೌತ್ ಬಾಸ್ ತನ್ನ ಉದ್ದದ ಮೂರನೇ ಒಂದು ಭಾಗದಷ್ಟಿರುವ ಮೀನನ್ನು ಸಲೀಸಾಗಿ ನುಂಗಬಲ್ಲದು. ಹೀಗಾಗಿ 13ರಿಂದ 20 ಸೆಂ.ಮೀ. ಉದ್ದದ ಲ್ಯೂರ್, ಅಂದರೆ ಕೃತಕ ಎರೆ, ನಮ್ಮ ಕಣ್ಣಿಗೆ ಎಷ್ಟೇ ದೊಡ್ಡದಾಗಿ ಕಂಡರೂ ಬಲಿತ ಬಾಸ್‌ಗೆ ಅದು ಒಂದು ಹೊತ್ತಿನ ಊಟವಷ್ಟೇ. ಕ್ಯಾಲಿಫೋರ್ನಿಯದ ಜಲಾಶಯಗಳಿಗೆ ಬಿಡುತ್ತಿದ್ದ ರೇನ್‌ಬೋ ಟ್ರೌಟ್ ಮೀನುಗಳನ್ನು ತಿಂದು ಬಾಸ್‌ಗಳು ಕೊಬ್ಬುವುದನ್ನು ಗಮನಿಸಿದ ಗಾಳಗಾರರು ಇಂಥ ದೊಡ್ಡ ಎರೆಗಳನ್ನು ಬಳಕೆಗೆ ತಂದವರಲ್ಲಿ ಮುಂಚೂಣಿಯವರು. ಅಂಗಡಿಯಿಂದ ತಂದ ಲ್ಯೂರನ್ನು ಹಾಗೆಯೇ ಕಟ್ಟಿ ಎಸೆದರೂ ಮೀನು ಸಿಗಬಹುದು. ಆದರೆ ನೀರಿನ ಮೇಲೆ ಅದು ಎಷ್ಟು ಓರೆಯಾಗಿ ಕೂರುತ್ತದೆ ಎಂಬುದರ ಮೇಲೆ ಅದರ ನಡೆ, ಸದ್ದು, ಕೊಕ್ಕೆ ನಾಟುವ ಬಗೆ ಎಲ್ಲವೂ ನಿಂತಿವೆ. ಕೊಕ್ಕೆ, ಅದನ್ನು ಲ್ಯೂರ್‌ಗೆ ಸೇರಿಸುವ ರಿಂಗ್, ದಾರ ಇವುಗಳಲ್ಲಿ ಯಾವುದನ್ನು ಬದಲಿಸಿದರೂ ಆ ಓರೆ ಬದಲಾಗುತ್ತದೆ. ಆದ್ದರಿಂದ ಮಾರ್ಪಾಡಿನಲ್ಲಿ ತೂಕದ ಲೆಕ್ಕ ಮೊದಲು, ಅಂದಚಂದ ಆಮೇಲೆ.

ಆಯ್ಕೆ ಮತ್ತು ಸಲಕರಣೆ

ದೊಡ್ಡ ತೇಲು ಲ್ಯೂರ್‌ಗಳಲ್ಲಿ ಮೂರು ಬಗೆಗಳು ಹೆಚ್ಚು ಬಳಕೆಯಲ್ಲಿವೆ. ಚುಟ್ಟಾದ ಆಕಾರದ, ದಾರವನ್ನು ಜಗ್ಗಿ ಸಡಿಲಿಸಿದಂತೆಲ್ಲ ಎಡಬಲಕ್ಕೆ ಹೊರಳುತ್ತ ಸಾಗುವ ಬಗೆಯದು ಮೊದಲನೆಯದು. ಹೆಡನ್ ಕಂಪನಿಯ ಸೂಪರ್ ಸ್ಪೂಕ್ ಇದಕ್ಕೆ ಹೆಸರಾಂತ ಉದಾಹರಣೆ, ಅದರ ತೂಕ ಸುಮಾರು 25 ಗ್ರಾಂ. ಎರಡನೆಯದು ವೇಕ್ ಬೈಟ್: ಮೂತಿಯಲ್ಲಿ ನಾಲಗೆಯಂಥ ಪಟ್ಟಿ ಇರುವ ಇದು ಮೇಲ್ಮೈಗೆ ಅಂಟಿಕೊಂಡೇ ಈಜಿ, ಹಿಂದೆ ಬಾಣದ ಮೊನೆಯಂಥ ಅಲೆಯನ್ನು ಎಬ್ಬಿಸುತ್ತದೆ, ಮರದಿಂದ ಮಾಡಿದ ಎಂಎಸ್ ಸ್ಲ್ಯಾಮರ್ ಈ ಗುಂಪಿಗೆ ಸೇರಿದ್ದು. ಮೂರನೆಯದು ತಿರುಗುವ ಬಾಲದ ಬಗೆ. ಲ್ಯಾರಿ ಡಾಲ್‌ಬರ್ಗ್ ರೂಪಿಸಿದ ವಾಪರ್ ಪ್ಲಾಪರ್‌ನ 130 ಮಾದರಿ 13 ಸೆಂ.ಮೀ. ಉದ್ದ ಮತ್ತು ಸುಮಾರು 39 ಗ್ರಾಂ ತೂಕವಿದ್ದರೆ, 190 ಮಾದರಿಯ ಉದ್ದ 19 ಸೆಂ.ಮೀ., ತೂಕ ಸುಮಾರು 78 ಗ್ರಾಂ. ಹೊಸಬರು ತಿರುಗುವ ಬಾಲದ ಲ್ಯೂರ್‌ನಿಂದ ಆರಂಭಿಸುವುದು ಒಳ್ಳೆಯದು, ಏಕೆಂದರೆ ರೀಲ್, ಅಂದರೆ ದಾರದ ಗಾಲಿ, ಸುತ್ತುವುದನ್ನು ಬಿಟ್ಟರೆ ಅದು ಬೇರೆ ಕೌಶಲವನ್ನು ಬೇಡುವುದಿಲ್ಲ.

ಇಷ್ಟು ಭಾರವನ್ನು ಸಾಮಾನ್ಯ ಬಾಸ್ ರಾಡ್‌ನಿಂದ, ಅಂದರೆ ಗಾಳದ ಕೋಲಿನಿಂದ, ಎಸೆಯಲು ಹೋದರೆ ರಾಡ್ ಮುರಿಯುವ ಸಂಭವವಿದೆ. ಏಳೂವರೆಯಿಂದ ಎಂಟು ಅಡಿ ಉದ್ದದ, ಬುಡ ಗಟ್ಟಿಯಾಗಿಯೂ ತುದಿ ತುಸು ಬಾಗುವಂತೆಯೂ ಇರುವ ರಾಡ್ ಬೇಕು. ಅದರ ಮೇಲೆ ಬರೆದಿರುವ ತೂಕದ ಮಿತಿಯನ್ನು ಲ್ಯೂರ್‌ನ ತೂಕದೊಂದಿಗೆ ಹೋಲಿಸಿ ನೋಡಿ. ದಾರಕ್ಕೆ 50ರಿಂದ 80 ಪೌಂಡ್ ತಾಳಿಕೆಯ ಹೆಣೆದ ದಾರ ಸೂಕ್ತ. ಅದು ತೇಲುತ್ತದೆ, ಹಿಗ್ಗುವುದಿಲ್ಲ. ಆದರೆ ಮೃದುವಾದ ಹೆಣೆದ ದಾರ ಲ್ಯೂರ್ ಹೊರಳುವಾಗ ಮುಂದಿನ ಕೊಕ್ಕೆಗೆ ಸುತ್ತಿಕೊಳ್ಳುವುದರಿಂದ, ಅದರ ತುದಿಗೆ ಎರಡು ಅಡಿಯಷ್ಟು ದಪ್ಪನೆಯ ನೈಲಾನ್ ದಾರವನ್ನು ಗಂಟು ಹಾಕಿ ಸೇರಿಸಬೇಕು. ಇಲ್ಲಿ ಫ್ಲೋರೋಕಾರ್ಬನ್ ದಾರ ಬೇಡ. ಅದು ನೀರಿಗಿಂತ ಗಮನಾರ್ಹವಾಗಿ ಭಾರವಾದ್ದರಿಂದ ಮುಳುಗಿ, ಲ್ಯೂರ್‌ನ ಮೂತಿಯನ್ನು ಕೆಳಗೆಳೆಯುತ್ತದೆ.

ತೂಕ ತಿದ್ದುವುದು

ಯಾವ ಬದಲಾವಣೆಗೂ ಮೊದಲು ಲ್ಯೂರನ್ನು ಅದರ ಮೂಲ ಕೊಕ್ಕೆಗಳೊಂದಿಗೇ ಬಕೆಟ್ ನೀರಿನಲ್ಲಿ ಬಿಟ್ಟು ಪಕ್ಕದಿಂದ ನೋಡಿ, ನೀರಿನ ಗೆರೆ ಮೈಮೇಲೆ ಎಲ್ಲಿ ಹಾಯುತ್ತದೆ ಎಂಬುದನ್ನು ಪೆನ್ಸಿಲಿನಿಂದ ಗುರುತು ಮಾಡಿಕೊಳ್ಳಿ. ಬಳಸಲಿರುವ ಸ್ನ್ಯಾಪ್ (ದಾರಕ್ಕೆ ಲ್ಯೂರ್ ಸಿಕ್ಕಿಸುವ ಕ್ಲಿಪ್ಪು) ಹಾಗೂ ಗೇಣುದ್ದ ದಾರವನ್ನೂ ಕಟ್ಟಿಯೇ ಈ ಪರೀಕ್ಷೆ ಮಾಡಬೇಕು. ಹೊರಳುವ ಬಗೆಯ ಲ್ಯೂರ್ ಬಾಲ ತಗ್ಗಿಸಿ, ಮೂತಿ ಎತ್ತಿ ಕುಳಿತರೆ ಅದು ಸುಲಭವಾಗಿ, ಗಿಡ್ಡ ಹಾಗೂ ಚುರುಕು ತಿರುವುಗಳಲ್ಲಿ ಹೊರಳುತ್ತದೆ. ಮಟ್ಟವಾಗಿ ಮಲಗಿದರೆ ಒಂದೊಂದು ಜಗ್ಗಿಗೂ ಹೆಚ್ಚು ದೂರ ಜಾರುತ್ತದೆ. ಎರಡಕ್ಕೂ ಅವುಗಳದೇ ಆದ ಸಂದರ್ಭವಿದೆ: ಮರದ ಬೊಡ್ಡೆ, ದೋಣಿಕಟ್ಟೆಯಂಥ ಇಕ್ಕಟ್ಟಿನ ಜಾಗಗಳಲ್ಲಿ ಹೆಚ್ಚು ಮುಂದೆ ಸರಿಯದೆ ಹೊರಳುವ ಲ್ಯೂರ್ ಬೇಕು, ತೆರೆದ ನೀರಿನಲ್ಲಿ ದೂರ ಜಾರುವ ಲ್ಯೂರ್ ಬೇಕು.

ಈಗ ಕೊಕ್ಕೆಗಳ ವಿಚಾರ. ಹಲವು ಲ್ಯೂರ್‌ಗಳೊಂದಿಗೆ ಬರುವ ಮೂರು ಮೊನೆಯ ಕೊಕ್ಕೆಗಳು ದೊಡ್ಡ ಬಾಸ್‌ನ ಸೆಳೆತಕ್ಕೆ ತೆರೆದುಕೊಳ್ಳುವಷ್ಟು ತೆಳುವಾಗಿರುತ್ತವೆ. ಸ್ಪ್ಲಿಟ್ ರಿಂಗ್ ಬಿಡಿಸುವ ಇಕ್ಕಳದಿಂದ ಅವನ್ನು ತೆಗೆದು, ದಪ್ಪ ತಂತಿಯ ಕೊಕ್ಕೆಗಳನ್ನೂ ಬಲವಾದ ರಿಂಗ್‌ಗಳನ್ನೂ ಹಾಕಿ. ಹಳೆಯ ಮತ್ತು ಹೊಸ ಕೊಕ್ಕೆಗಳನ್ನು 0.1 ಗ್ರಾಂವರೆಗೆ ತೋರಿಸುವ ತಕ್ಕಡಿಯಲ್ಲಿಟ್ಟು ವ್ಯತ್ಯಾಸವನ್ನು ಬರೆದಿಟ್ಟುಕೊಳ್ಳುವುದು ಅತ್ಯಂತ ಉಪಯುಕ್ತ ಅಭ್ಯಾಸ. ಹಿಂದಿನ ಕೊಕ್ಕೆ ಒಂದೆರಡು ಗ್ರಾಂ ಭಾರವಾದರೆ ಬಾಲ ಕೆಳಗಿಳಿಯುತ್ತದೆ; ಹೊಟ್ಟೆಯ ಕೊಕ್ಕೆ ಭಾರವಾದರೆ ಇಡೀ ಮೈ ತಗ್ಗಿ, ಲ್ಯೂರ್ ಮಗುಚದೆ ಸ್ಥಿರವಾಗಿ ನಿಲ್ಲುತ್ತದೆ. ಮುಂದಿನ ಮತ್ತು ಹಿಂದಿನ ಕೊಕ್ಕೆಗಳನ್ನು ಒಂದರತ್ತ ಒಂದನ್ನು ಚಾಚಿ ನೋಡಿ. ಅವು ಪರಸ್ಪರ ತಾಗುವಂತಿದ್ದರೆ ಎಸೆದಾಗ ಖಂಡಿತ ಸಿಕ್ಕಿಕೊಳ್ಳುತ್ತವೆ. ಆಗ ಒಂದು ಅಳತೆ ಚಿಕ್ಕದನ್ನು ಆರಿಸಬೇಕು.

ಕೊಕ್ಕೆಯಿಂದಲೇ ಓರೆ ಸರಿಹೋಗದಿದ್ದರೆ, ಹಿಂಬದಿಯಲ್ಲಿ ಅಂಟು ಬಳಿದಿರುವ ಲೋಹದ ಪಟ್ಟಿಗಳನ್ನು ಬಳಸಬಹುದು. ಅವನ್ನು ಸಣ್ಣ ತುಂಡುಗಳಾಗಿ ಕತ್ತರಿಸಿ ಹೊಟ್ಟೆಯ ಕೊಕ್ಕೆಯ ಹಿಂದೆ ಅಂಟಿಸಿ, ಬಕೆಟ್‌ನಲ್ಲಿ ನೋಡಿ, ಕಿತ್ತು, ಸರಿಸಿ, ಮತ್ತೆ ನೋಡಬೇಕು. ಒಂದು ಬಾರಿಗೆ ಒಂದೇ ಬದಲಾವಣೆ ಮಾಡಿ. ಎರಡನ್ನು ಒಟ್ಟಿಗೆ ಮಾಡಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಸೀಸದ ಬಳಕೆಗೆ ಕೆಲವು ಪ್ರದೇಶಗಳಲ್ಲಿ ನಿರ್ಬಂಧವಿರುವುದರಿಂದ ಟಂಗ್‌ಸ್ಟನ್ ಬಳಸುವುದು ಮೇಲು. ನೀರುಹಕ್ಕಿಗಳಿಗೆ ಸೀಸ ವಿಷವೆಂಬುದು ಕಾನೂನು ಇಲ್ಲದ ಕಡೆಯೂ ನಿಜವೇ.

ಸದ್ದು, ಬಾಲ, ಬಣ್ಣ

ಟೊಳ್ಳು ಪ್ಲಾಸ್ಟಿಕ್ ಲ್ಯೂರ್‌ನೊಳಗೆ ಗುಂಡು ಸೇರಿಸಿ ಸದ್ದನ್ನು ಬದಲಿಸಬಹುದು. ಹಲವು ಸಣ್ಣ ಗುಂಡುಗಳು ಗಲಗಲ ಎನ್ನುತ್ತವೆ, ಒಂದೇ ದೊಡ್ಡ ಗುಂಡು ಪ್ರತಿ ಹೊರಳಿಗೂ ಟಕ್ ಎಂದು ಗೋಡೆಗೆ ಬಡಿಯುತ್ತದೆ. ದೊಡ್ಡ ಮೀನಿಗೆ ಎರಡನೆಯ ಸದ್ದೇ ಹೆಚ್ಚು ಒಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ. ಮೈಯನ್ನು ಪ್ರಬಲ ಬೆಳಕಿಗೆ ಹಿಡಿದು ಒಳಗಿನ ಕೋಣೆ ಎಲ್ಲಿದೆಯೆಂದು ಗುರುತಿಸಿ, ಕೊಕ್ಕೆ ನಿಲ್ಲಿಸುವ ತಂತಿಗೆ ತಾಗದಂತೆ, ಗುಂಡು ಹಿಡಿಸುವಷ್ಟೇ ಅಗಲದ ರಂಧ್ರವನ್ನು ಕೈ ಡ್ರಿಲ್‌ನಿಂದ ನಿಧಾನವಾಗಿ ಕೊರೆಯಿರಿ. ಉಕ್ಕಿನ ಗುಂಡನ್ನು ಹಾಕಿದ ಮೇಲೆ ರಂಧ್ರವನ್ನು ಎಪಾಕ್ಸಿ ಅಂಟಿನಿಂದ ಮುಚ್ಚಿ ಒಂದು ಇಡೀ ದಿನ ಒಣಗಲು ಬಿಡಿ. ಬಳಿಕ ಲ್ಯೂರನ್ನು ಬೆಚ್ಚಗಿನ ನೀರಿನಲ್ಲಿ ಅದುಮಿ ಹಿಡಿಯಿರಿ: ಒಳಗಿನ ಗಾಳಿ ಹಿಗ್ಗುವುದರಿಂದ ಎಲ್ಲಾದರೂ ಸೋರಿಕೆ ಇದ್ದರೆ ಗುಳ್ಳೆಗಳು ಏಳುತ್ತವೆ. ಮರದ ಲ್ಯೂರ್‌ನಲ್ಲಿ ಕೊರೆದ ಯಾವುದೇ ರಂಧ್ರವನ್ನು, ಸ್ಕ್ರೂ ಹೋಗುವ ದಾರಿಯನ್ನೂ ಸೇರಿಸಿ, ಮುಚ್ಚದೆ ಬಿಡಬಾರದು. ನೀರು ಕುಡಿದ ಮರ ಉಬ್ಬಿ ಬಣ್ಣವನ್ನು ಸೀಳುತ್ತದೆ.

ತಿರುಗುವ ಬಾಲದ ಲ್ಯೂರ್‌ನಲ್ಲಿ ಬಾಲವು ಊದಿದರೆ ತಿರುಗುವಷ್ಟು ಸಡಿಲವಿರಬೇಕು. ಬಿಗಿಯಾಗಿದ್ದರೆ ಅಕ್ಷದ ತಂತಿಯ ಸುತ್ತ ಸಿಕ್ಕಿರುವ ಕಸವನ್ನು ತೆಗೆದು, ಕೈಯಿಂದ ಸಾಕಷ್ಟು ತಿರುಗಿಸಿ ಪಳಗಿಸಿ. ವೇಕ್ ಬೈಟ್ ಒಂದು ಪಕ್ಕಕ್ಕೆ ವಾಲಿ ಓಡುತ್ತಿದ್ದರೆ, ಮೂತಿಯ ದಾರ ಕಟ್ಟುವ ತಂತಿಯನ್ನು ಅದು ಓಡುವ ದಿಕ್ಕಿಗೆ ವಿರುದ್ಧವಾಗಿ ಕೂದಲೆಳೆಯಷ್ಟು ಬಗ್ಗಿಸಿ ಮತ್ತೆ ಪರೀಕ್ಷಿಸಿ. ಹಿಂದಿನ ಕೊಕ್ಕೆಗೆ ಗರಿಗಳನ್ನು ಸುತ್ತಿ ಕಟ್ಟಿ ವಾರ್ನಿಷ್ ಹಚ್ಚಿದರೆ ಅವು ನೀರಿನಲ್ಲಿ ತಡೆಯಾಗಿ ಲ್ಯೂರ್‌ನ ಜಾರುವಿಕೆಯನ್ನು ಕಡಿಮೆ ಮಾಡುತ್ತವೆ, ನಿಲ್ಲಿಸಿದಾಗಲೂ ಅಲುಗುತ್ತಿರುತ್ತವೆ. ಬಣ್ಣದ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಮೀನು ನೋಡುವುದು ಹೊಟ್ಟೆಯ ಭಾಗವನ್ನು; ಹಗಲಿಗೆ ತಿಳಿಯಾದ ಹೊಟ್ಟೆ, ಆಕಾಶದ ಎದುರು ಆಕಾರ ಎದ್ದು ಕಾಣಲು ರಾತ್ರಿಗೆ ಕಪ್ಪು, ಇಷ್ಟಿದ್ದರೆ ಸಾಕು.

ನೀರಿನಲ್ಲಿ ಬಳಕೆ

ನೀರಿನ ಉಷ್ಣತೆ ಸುಮಾರು 15 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಮೇಲ್ಮೈಯ ಬೇಟೆ ಚುರುಕಾಗುತ್ತದೆ. ಬೇಸಿಗೆಯಲ್ಲಿ ನಸುಕು, ಮುಸ್ಸಂಜೆ, ರಾತ್ರಿಯ ಹೊತ್ತು ಒಳ್ಳೆಯದು. ಎರೆಮೀನುಗಳ ಹಿಂಡು ಮೇಲೇಳುವ ಶರತ್ಕಾಲದಲ್ಲಿ ಮೋಡ ಕವಿದಿದ್ದರೆ ನಡುಹಗಲಿನಲ್ಲೂ ಫಲ ಸಿಗುತ್ತದೆ. ಹೊರಳುವ ಲ್ಯೂರ್‌ಗೆ ರಾಡ್‌ನ ತುದಿಯನ್ನು ನೀರಿನತ್ತ ತಗ್ಗಿಸಿ ಹಿಡಿದು, ಸಡಿಲ ದಾರವನ್ನು ಚಿಕ್ಕದಾಗಿ ಜಗ್ಗಿ, ತಕ್ಷಣ ತುದಿಯನ್ನು ಹಿಂದಕ್ಕೆ ಬಿಟ್ಟುಕೊಡಬೇಕು. ಈ ಬಿಟ್ಟುಕೊಡುವಿಕೆಯೇ ಲ್ಯೂರ್‌ಗೆ ತಿರುಗಲು ಅವಕಾಶ ಕೊಡುವುದು. ದಾರ ಸದಾ ಬಿಗಿಯಾಗಿದ್ದರೆ ಅದು ನೇರವಾಗಿ ಎಳೆದುಕೊಂಡು ಬರುತ್ತದೆ. ವೇಕ್ ಬೈಟನ್ನು ರಾಡ್ ಎತ್ತಿ ಹಿಡಿದು, ಅಲೆ ಮುರಿಯದಷ್ಟು ನಿಧಾನವಾಗಿ ಸುತ್ತಬೇಕು. ಮೀನು ಹಿಂಬಾಲಿಸಿ ಬಂದು ಕಚ್ಚದೆ ತಿರುಗಿಹೋಗುತ್ತಿದ್ದರೆ ಲ್ಯೂರ್ ಬದಲಿಸುವ ಮುನ್ನ ವೇಗವನ್ನು ಬದಲಿಸಿ ನೋಡಿ: ಒಮ್ಮೆ ಪೂರ್ತಿ ನಿಲ್ಲಿಸಿ, ಮತ್ತೊಮ್ಮೆ ಗಾಬರಿಗೊಂಡ ಮೀನಿನಂತೆ ಓಡಿಸಿ.

ನೀರು ಸಿಡಿದ ಕ್ಷಣದಲ್ಲೇ ರಾಡ್ ಎತ್ತುವುದು ಮೀನು ತಪ್ಪಿಹೋಗಲು ಮುಖ್ಯ ಕಾರಣ. ಮೀನಿನ ಭಾರ ಕೈಗೆ ತಿಳಿಯುವವರೆಗೂ ಸುತ್ತುವುದನ್ನು ಮುಂದುವರಿಸಿ, ಆಮೇಲೆ ಪಕ್ಕಕ್ಕೆ ಬಲವಾಗಿ ಎಳೆಯಿರಿ. ತಪ್ಪಿದ ಹೊಡೆತದಲ್ಲಿ ಲ್ಯೂರ್ ನೇರವಾಗಿ ಮುಖದತ್ತ ಹಾರಿ ಬರಬಹುದಾದ್ದರಿಂದ ಕನ್ನಡಕ ಕಡ್ಡಾಯ. ಉದ್ದ ಮೂತಿಯ ಇಕ್ಕಳವೂ ಕೊಕ್ಕೆ ಕತ್ತರಿಸುವ ಕಟ್ಟರ್ ಕೂಡ ಕೈಗೆಟುಕುವಲ್ಲಿರಲಿ. ಮೊನೆಯ ಹಿಂದಿನ ಮುಳ್ಳನ್ನು ಇಕ್ಕಳದಿಂದ ಅದುಮಿ ಮಟ್ಟ ಮಾಡಿದರೆ ಮೀನಿಗೂ ಕೈಗೂ ಗಾಯ ಕಡಿಮೆ, ದಾರವನ್ನು ಬಿಗಿಯಾಗಿಟ್ಟುಕೊಂಡರೆ ಮೀನು ಕಳಚಿಕೊಳ್ಳುವುದೂ ಅಪರೂಪ.

ಹಿಡಿದ ಮೀನನ್ನು ಬಿಡಬೇಕೋ ಬೇಡವೋ ಎಂಬುದನ್ನು ಆಯಾ ಪ್ರದೇಶದ ನಿಯಮ ನೋಡಿಯೇ ತೀರ್ಮಾನಿಸಬೇಕು. ಬಾಸ್ ಹೊರಗಿನಿಂದ ಬಂದು ಸ್ಥಳೀಯ ಮೀನುಗಳಿಗೆ ಕಂಟಕವಾಗಿರುವ ಜಪಾನಿನ ಬಿವಾ ಸರೋವರದಲ್ಲಿ, ಹಿಡಿದ ಬಾಸನ್ನು ಮರಳಿ ನೀರಿಗೆ ಬಿಡುವುದನ್ನು ಶಿಗಾ ಪ್ರಾಂತ್ಯ 2003ರಲ್ಲೇ ನಿಷೇಧಿಸಿದೆ. ಬಾಸ್‌ನ ಮೂಲನೆಲೆಯಾದ ಉತ್ತರ ಅಮೆರಿಕದ ಕೆರೆಗಳಲ್ಲಿ ಬಿಡುವುದು ರೂಢಿಯಲ್ಲಿದೆ. ಅಂಥಲ್ಲಿ ಕೈ ಒದ್ದೆ ಮಾಡಿಕೊಂಡು, ಭಾರವಾದ ಮೀನನ್ನು ದವಡೆಯೊಂದರಿಂದಲೇ ಅಡ್ಡಲಾಗಿ ಎತ್ತದೆ ಇನ್ನೊಂದು ಕೈಯಿಂದ ಹೊಟ್ಟೆಗೆ ಆಸರೆ ಕೊಡಬೇಕು. ಕೊಕ್ಕೆ ಆಳಕ್ಕೆ ನಾಟಿದ್ದರೆ ಎಳೆದಾಡುವ ಬದಲು ಕಟ್ಟರ್‌ನಿಂದ ಅದರ ಮೊನೆಗಳನ್ನು ಕತ್ತರಿಸಿ ತೆಗೆಯಿರಿ. ಹೊಸ ಕೊಕ್ಕೆ ಹಾಕುವಾಗ, ಬರೆದಿಟ್ಟುಕೊಂಡ ಅದೇ ತೂಕದ್ದನ್ನೇ ಹಾಕಿ.